ಕಳ್ಳ ಬಿಟ್ಟುಹೋದ ಹೊಸ ಕುರ್ಚಿಗಳು

"ನರ್ಸಮ್ಮಾ, ಬೇಗ ಇಳಿದು ಬನ್ನಿ! ಗಾಲಿಕುರ್ಚಿ ಕಳುವಾಗಿದೆ!"

ನಡೆಯಲಾಗದವರಿಗೆ ಗಾಲಿಕುರ್ಚಿ ಎರವಲು ಕೊಡುವ ಸಂಸ್ಥೆಯ ಮೇನೇಜರ್ ಮೆಟ್ಟಿಲ ಬುಡದಲ್ಲಿ ನಿಂತು ಕೂಗಿದ. ಮಹಡಿಯ ಕೋಣೆಯಲ್ಲಿ ವಾಸವಾಗಿದ್ದ ನಿವೃತ್ತ ನರ್ಸಮ್ಮನ ಬುದ್ಧಿಯ ಮೇಲೆ ಅವನಿಗೆ ಪೊಲೀಸರಿಗಿಂತ ಹೆಚ್ಚು ನಂಬಿಕೆ. ಎಂಥ ಗಂಟನ್ನೂ ಆಕೆ ಯಾರಿಗೂ ನೋವಾಗದಂತೆ ಬಿಡಿಸುತ್ತಿದ್ದಳು.

ಬೀಗ ಮುರಿದಿರಲಿಲ್ಲ. ಕೀಲಿ ಇದ್ದದ್ದು ಮೇನೇಜರ್, ಕಾವಲುಗಾರ ತಾತ, ಕುರ್ಚಿಗಳನ್ನೆಲ್ಲ ದಾನ ಮಾಡಿದ್ದ ಸಾಹುಕಾರರು, ಈ ಮೂವರ ಬಳಿ ಮಾತ್ರ. ಸಾಹುಕಾರರನ್ನು ಶಂಕಿಸುವುದುಂಟೇ? ಬೇಲಿಯೇ ಎದ್ದು ಹೊಲ ಮೇಯಿತೇ ಎಂದು ಮೇನೇಜರನಿಗೆ ಸಂಕಟ. ಕಳ್ಳ ಸಿಗದಿದ್ದರೆ ತಾತನ ಕೆಲಸ ಹೋಗುವುದು ಖಂಡಿತವಾಗಿತ್ತು. ಪಾಪ, ತಾತ ಟೋಪಿ ಕೈಯಲ್ಲಿ ಹಿಡಿದು ಮೂಲೆ ಸೇರಿದ್ದ.

"ಸಾಹುಕಾರರಿಗೆ ಏನಂತ ತಿಳಿಸಿದೆ?" ನರ್ಸಮ್ಮ ಕೇಳಿದಳು.

"ಫೋನಲ್ಲಿ 'ಒಂದು ಕುರ್ಚಿ ಹೋಗಿದೆ, ಬನ್ನಿ' ಅಂದೆ, ಅಷ್ಟೇ."

ಕೋಣೆಯಲ್ಲಿ ಹೊಸ ಕುರ್ಚಿಗಳು ಸಾಲಾಗಿ ಮಿನುಗುತ್ತಿದ್ದವು. ಪ್ರತಿಯೊಂದರ ಬೆನ್ನಿನ ಮೇಲೂ ಅಂಗೈಯಗಲದ ಅಕ್ಷರಗಳಲ್ಲಿ 'ಬಡವರಿಗೆ ಉಚಿತ' ಎಂದು ಬರೆದಿತ್ತು.

"ಹೋಗಿದ್ದು ಯಾವ್ದು?"

"ಬಣ್ಣ, ಬರಹ ಎಲ್ಲ ಕಿತ್ತುಹೋಗಿದ್ದ ಹಳೇದು. ತಲೆಯಿಲ್ಲದ ಕಳ್ಳ!"

ಅಷ್ಟರಲ್ಲಿ ಸಾಹುಕಾರರು ಬೆವರು ಒರೆಸಿಕೊಳ್ಳುತ್ತ ನಡೆದೇ ಬಂದರು. "ಕಾರು ರಿಪೇರಿಗೆ ಹೋಗಿದೆ," ಎಂದರು. ತಿಂಗಳುಗಳಿಂದ ಅದೇ ಮಾತು. "ಒಂದು ಹಳೇ ಕುರ್ಚಿಗೆ ಪೊಲೀಸು ಗಿಲೀಸು ಯಾಕಪ್ಪಾ? ಬಿಟ್ಟುಬಿಡಿ."

ನರ್ಸಮ್ಮ ಎಲ್ಲರನ್ನೂ ಕೂರಿಸಿದಳು.

"ಕಳ್ಳನಿಗೆ ತಲೆ ಇತ್ತು. ಮಾರೋಕಾದ್ರೆ ಹೊಸದನ್ನೇ ಒಯ್ತಿದ್ದ. ಇವನಿಗೆ ಕುರ್ಚಿ ಬೇಕಿತ್ತು, ಬೆನ್ನಿನ ಮೇಲಿನ ಅಕ್ಷರ ಬೇಡವಾಗಿತ್ತು. ತಾತನಿಗೆ ಬೇಕಿದ್ರೆ ಬಾಯಿಬಿಟ್ಟು ಕೇಳ್ತಿದ್ದ. ಕೇಳೋಕೆ ನಾಲಿಗೆ ಏಳದೇ ಇರೋದು ಕೊಟ್ಟು ಅಭ್ಯಾಸ ಇರೋರಿಗೆ." ಆಕೆಯ ದನಿ ಮೆತ್ತಗಾಯಿತು. "ಸಾಹುಕಾರ್ರೇ, ಹಳೇ ಕುರ್ಚಿ ಅಂತ ನಿಮಗೆ ಯಾರೂ ಹೇಳಿರಲಿಲ್ಲ. ಕಾರೂ ರಿಪೇರಿಯಲ್ಲಿಲ್ಲ, ಅಲ್ವಾ? ಮನೆಯವರು ಹೇಗಿದ್ದಾರೆ?"

ಸಾಹುಕಾರರು ಕುಸಿದರು. "ವ್ಯಾಪಾರ ಮುಳುಗಿತು, ಕಾರು ಮಾರಿದೆ. ಹೆಂಡತಿಗೆ ಕಾಲು ಬಿದ್ದುಹೋಗಿದೆ, ನಡೆಯೋಕಾಗಲ್ಲ. ಆ ಬರಹ ಅಂಟಿಸಿಕೊಂಡು ಅವಳನ್ನ ಬೀದೀಲಿ ಹೇಗಮ್ಮಾ ತಳ್ಕೊಂಡು ಹೋಗ್ಲಿ? ಬರೆಸಿದವನೂ ನಾನೇ."

ಇಂಥವಳು ನಮ್ಮ ಮಹಡಿಯಲ್ಲೇ ಇದ್ದಾಳಲ್ಲ ಎಂದು ಮೇನೇಜರನ ಎದೆ ತುಂಬಿ ಬಂತು.

"ಸೀಮೆಎಣ್ಣೆ, ಬಟ್ಟೆ ತನ್ನಿ," ಎಂದಳು ನರ್ಸಮ್ಮ. "ಎಲ್ಲಾ ಕುರ್ಚಿಗಳನ್ನೂ ಇವತ್ತೇ ಒರೆಸೋಣ."

ತಾತ ಮಾತ್ರ ಗಾಬರಿಯಿಂದ ಮುಂದೆ ಬಂದ.

"ಸಾಹುಕಾರ್ರೇ, ಆ ಹಳೇ ಕುರ್ಚಿಯ ಬ್ರೇಕು ಹಿಡಿಯಲ್ಲ! ಅಮ್ಮಾವ್ರನ್ನ ಇಳಿಜಾರಲ್ಲಿ ಕೂರಿಸಿಬಿಟ್ಟೀರಿ. ಮೊದಲು ಒಂದು ಹೊಸದನ್ನ ಒರೆಸೋಣ, ನಾನೇ ನಿಮ್ಮ ಮನೆಗೆ ತಂದುಕೊಡ್ತೀನಿ."