ಹೊಗೆ ಎದ್ದ ದಿನ ಕೆಮ್ಮದ ಮಕ್ಕಳು

ಮಂಗಳವಾರ ಬೆಳಗ್ಗೆ ಹತ್ತೂವರೆಗೆ ಎರಕದ ಕಾರ್ಖಾನೆಯ ಮ್ಯಾನೇಜರು ಠಾಣೆಗೆ ನುಗ್ಗಿದ ರಭಸಕ್ಕೆ ಬಾಗಿಲಲ್ಲಿ ಮಲಗಿದ್ದ ನಾಯಿ ಊರನ್ನೇ ಬಿಟ್ಟು ಹೋಯಿತು. ಇನ್ಸ್‌ಪೆಕ್ಟರು ಮಾತ್ರ ಅಲುಗಲಿಲ್ಲ. ಅವರು ಹುಬ್ಬು ಏರಿಸಿದರೆ ಸಾಕು, ಮೂರು ಊರಿನ ಕಳ್ಳರು ಕದ್ದದ್ದನ್ನು ಒರೆಸಿ, ತೊಳೆದು ವಾಪಸ್ಸು ಇಟ್ಟು ಬರುತ್ತಿದ್ದರು.

“ಸಾರ್, ಚಿಮಣಿಗೆ ಹೊಸ ಫಿಲ್ಟರ್ ಹಾಕ್ಸಿದೀವಿ. ಹೊಗೆ ಹೆಸರಿಗೂ ಇಲ್ಲ. ಆದ್ರೂ ಕಾಲೊನಿಯಲ್ಲಿರೋ ಗಾಳಿ ಅಳೆಯೋ ಯಂತ್ರ ಕೆಟ್ಟ ಗಾಳಿ ಅಂತಲೇ ತೋರಿಸ್ತಿದೆ. ಇನ್ನೊಂದು ಸಲ ಮಿತಿ ಮೀರಿದ್ರೆ ನಮಗೆ ಬೀಗ. ಯಾರೋ ಬೇಕಂತಲೇ ಮಾಡ್ತಿದಾರೆ.”

“ಬೀಗ ಬಿದ್ರೆ ಯಾರಿಗೆ ಲಾಭ?”

“ಯಾರಿಗೂ ಇಲ್ಲ ಸಾರ್. ಕಾಲೊನಿಯ ಅರ್ಧ ಜನ ನಮ್ಮಲ್ಲೇ ಕೆಲಸಕ್ಕಿರೋದು.”

ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನದ ಹೊತ್ತಿಗೆ ಇನ್ಸ್‌ಪೆಕ್ಟರು ದಫೇದಾರರೊಂದಿಗೆ ಸ್ಥಳಕ್ಕೆ ಹೋದರು. ಕಾಲೊನಿಯ ಓಣಿ ಎಷ್ಟು ಕಿರಿದೆಂದರೆ ಎದುರು ಬದುರು ಮನೆಯವರು ಒಂದೇ ಕನ್ನಡಿಯಲ್ಲಿ ತಲೆ ಬಾಚಿಕೊಳ್ಳಬಹುದಿತ್ತು. ಯಂತ್ರವಿದ್ದದ್ದು ಮಕ್ಕಳ ಉಚಿತ ಚಿಕಿತ್ಸಾಲಯದ ಹಿಂಗೋಡೆಯ ಮೇಲೆ. ಅದರ ಕೆಳಗೆ ಬೂದಿ, ಬೂದಿಯಲ್ಲಿ ಸುಟ್ಟ ಟೈರಿನ ತಂತಿ. ಇಬ್ಬರು ಪಂಚರ ಎದುರು ಪಂಚನಾಮೆ ಮುಗಿಯಿತು.

“ಮ್ಯಾನೇಜರ್ ಕಂಡ್ರೆ ಆಗದೋನು ಯಾರೋ ಮಾಡಿರ್ಬೇಕು ಸಾರ್,” ಎಂದರು ದಫೇದಾರರು.

“ಹಾಗಾದ್ರೆ ಇಡೀ ಕಾಲೊನಿನೇ ಲಾಕಪ್ಪಿಗೆ ಹಾಕ್ಬೇಕು ಕಣ್ರೀ. ನಡೀರಿ.”

ನಲ್ಲಿಯ ಬಳಿ ಕೊಡ ತುಂಬಿಸುತ್ತಿದ್ದ ಹೆಂಗಸನ್ನು ಇನ್ಸ್‌ಪೆಕ್ಟರು ವಿಚಾರಿಸಿದರು.

“ಟೈರ್ ಸುಟ್ಟ ದಿನ ಮಕ್ಕಳಿಗೆ ಕೆಮ್ಮು ಹೆಚ್ಚಾಗಿರ್ಬೇಕಲ್ಲಮ್ಮ?”

“ಇಲ್ಲ ಸಾರ್. ಅವತ್ತು ಮಕ್ಕಳು ಇಲ್ಲಿರ್ಲೇ ಇಲ್ಲ. ಆಸ್ಪತ್ರೆ ಆಯಾ ಅಜ್ಜಿ ಎಲ್ಲರನ್ನೂ ದಿಬ್ಬದ ಮೇಲೆ ಆಟಕ್ಕೆ ಕಳ್ಸಿದ್ರು. ಆಮೇಲೆ ತಾವೂ ಹೋದ್ರು.”

“ಅದಕ್ಕೆ ಹಿಂದಿನ ಸಲ?”

“ಆಗಲೂ ಅಷ್ಟೇ. ಪುಣ್ಯಾತಗಿತ್ತಿ! ಹೊಗೆ ಬರೋದು ಅವರಿಗೆ ಮೊದಲೇ ಗೊತ್ತಾಗಿಬಿಡುತ್ತೆ.”

ಬೇರೆ ದಿನವಾಗಿದ್ದರೆ ಇನ್ಸ್‌ಪೆಕ್ಟರು ಮೀಸೆ ತಿರುವಿದ ಗಾಳಿಗೇ ಓಣಿಯ ಬಟ್ಟೆಗಳೆಲ್ಲ ಒಣಗಿಬಿಡುತ್ತಿದ್ದವು. ಅವತ್ತು ಮೀಸೆಗೆ ಕೈ ಹೋಗಲಿಲ್ಲ.

ಚಿಕಿತ್ಸಾಲಯದಲ್ಲಿ ಆಯಾ ಒಂದು ಪುಟ್ಟ ಹುಡುಗಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು, ಔಷಧಿ ಹಬೆಯ ಮುಖವಾಡವನ್ನು ಅವಳ ಮೂಗಿಗೆ ಹಿಡಿದಿದ್ದಳು.

“ಅಜ್ಜಿ, ಟೈರ್ ಎಲ್ಲಿಂದ ತಂದ್ರಿ?”

ಆಯಾ ತಲೆ ಎತ್ತಲಿಲ್ಲ. “ಗ್ಯಾರೇಜ್ ಹಿಂದೆ ಬಿದ್ದಿರುತ್ತಪ್ಪ. ಯಾರೂ ಕೇಳಲ್ಲ.”

“ಯಾಕೆ ಸುಟ್ರಿ?”

“ಗಾಳಿ ಕೆಟ್ಟಿದ್ರೆ ಮಾತ್ರ ಈ ಆಸ್ಪತ್ರೆ ಇಲ್ಲಿರುತ್ತಂತೆ. ಆರು ತಿಂಗಳು ಚೆನ್ನಾಗಿದೆ ಅಂತ ಯಂತ್ರ ತೋರಿಸಿದ್ರೆ ಎತ್ಕೊಂಡು ಹೋಗ್ತಾರಂತೆ. ಗಾಳಿ ಸರಿಹೋಗಿದೆ, ಒಪ್ಕೋತೀನಿ. ಇವಳ ಎದೆಯೊಳಗೆ ಕೂತಿರೋದು ಸರಿಹೋಗಿದೆಯಾ?”

“ಇನ್ನೊಂದು ಸಲ ಸುಟ್ಟಿದ್ರೆ ಕಾರ್ಖಾನೆಗೆ ಬೀಗ ಬೀಳ್ತಿತ್ತು. ಗೊತ್ತಿತ್ತಾ?”

ಈಗ ಅವಳು ತಲೆ ಎತ್ತಿದಳು. “ಬೀಗಾನಾ? ಅಯ್ಯೋ, ನನ್ನ ಮಗ ಅಲ್ಲೇ ಅಲ್ವೇನಪ್ಪ ದುಡಿಯೋದು!”

“ನಡೀರಿ ಅಜ್ಜಿ,” ಎಂದು ಮುಂದೆ ಬಂದ ದಫೇದಾರರನ್ನು ತಡೆದು, ಇನ್ಸ್‌ಪೆಕ್ಟರು ಸ್ಟೂಲು ಎಳೆದುಕೊಂಡರು. “ಹುಡುಗಿದು ಮುಗೀಲಿ.”

ಸಂಜೆ ನಾಲ್ಕಕ್ಕೆ ಬಂಧನವಾಯಿತು. ಹೇಳಿಕೆಯಲ್ಲಿ ಆಯಾ ಹೆಚ್ಚೇನೂ ಸೇರಿಸಲಿಲ್ಲ. ಚಿಕಿತ್ಸಾಲಯ ಇಲ್ಲದ ಕಾಲದಲ್ಲಿ ಮೊಮ್ಮಗನನ್ನು ಹೆಗಲಿಗೆ ಹಾಕಿಕೊಂಡು ದೊಡ್ಡಾಸ್ಪತ್ರೆಗೆ ಹೊರಟಿದ್ದಳಂತೆ. ಅರ್ಧ ದಾರಿಯಿಂದ ಹಿಂತಿರುಗಿದಳಂತೆ, ಮುಂದೆ ಹೋಗುವ ಅಗತ್ಯ ಉಳಿಯಲಿಲ್ಲವಂತೆ.

ಕಾರ್ಖಾನೆಗೆ ಬೀಗ ಬೀಳಲಿಲ್ಲ. ಗಾಳಿ ಶುದ್ಧವೆಂದು ಯಂತ್ರ ತೋರಿಸುತ್ತ ಹೋಯಿತು. ನಿಯಮದ ಪ್ರಕಾರ ಒಂದು ದಿನ ಚಿಕಿತ್ಸಾಲಯದ ಮುಂದೆ ಲಾರಿ ಬಂದು ನಿಂತಿತು. ಬಂದೋಬಸ್ತಿಗೆ ಹೋಗಿದ್ದ ಇನ್ಸ್‌ಪೆಕ್ಟರನ್ನು ಆ ಹುಡುಗಿಯ ತಾಯಿ ಕೇಳಿದಳು, “ಇನ್ಮೇಲೆ ರಾತ್ರಿ ಇವಳಿಗೆ ಉಸಿರು ಕಟ್ಟಿದ್ರೆ ಏನ್ ಮಾಡ್ಲಿ ಸಾರ್?”

“ಠಾಣೆಗೆ ಕರ್ಕೊಂಡು ಬಾಮ್ಮ. ಜೀಪ್ ಇರುತ್ತೆ.”

ಜೀಪು ಠಾಣೆಯಲ್ಲಿ ನಿಂತಿರುವ ರಾತ್ರಿಗಳು ಎಷ್ಟು ಎಂದು ದಫೇದಾರರು ಕೇಳಲಿಲ್ಲ.