ಊರಿನ ದೊಡ್ಡ ಚುಕ್ಕೆ

ಪರದೆಯ ಮೇಲೆ ಬಿಳಿಗುಡ್ಡ ಊರು ಚುಕ್ಕೆಗಳಾಗಿ ಮೂಡಿತು. ಒಂದೊಂದು ಚುಕ್ಕೆಯೂ ಒಬ್ಬ ಮತದಾರ. ಆಮೇಲೆ ಚುಕ್ಕೆಗಳ ನಡುವೆ ಗೆರೆಗಳು ಹರಿದವು. ಹೆಚ್ಚು ಗೆರೆ ಬಂದು ಸೇರಿದ ಚುಕ್ಕೆ ದೊಡ್ಡದಾಗುತ್ತ ಹೋಯಿತು. ಅದು ಶಾಸಕರದಲ್ಲ, ಮಠದ ಸ್ವಾಮಿಗಳದೂ ಅಲ್ಲ.

"ಯಾರ್ರೀ ಇವರು?" ಧೂಳಿನ ವಿರುದ್ಧ ಹೋರಾಡುವ 'ಉಸಿರು' ವೇದಿಕೆಯ ಸಂಚಾಲಕ ಮಲ್ಲಣ್ಣ ಕೇಳಿದ.

"ಮಾಬುಬಿ. ಬಳಿ ಮಾರ್ತಾರ," ಎಂದಳು ವಿಜ್ಞಾನಿ ಅನುರೂಪಾ ಗೊಬ್ಬೂರ.

"ನಾ ಇಷ್ಟು ವರ್ಷ ಮೈಕ್ ಹಿಡಿದು ಒದರೀನಿ. ನನ್ನ ಚುಕ್ಕಿ ಎಲ್ಲದ?"

"ಅದ ನೋಡ್ರಿ. ಚಷ್ಮಾ ಹಾಕ್ಕೊಂಡ್ರ ಕಾಣ್ತದ."

ಈ ಯಂತ್ರಕ್ಕೆ ನಂಬಿಕೆಯ ನಕ್ಷೆ ಎಂದು ಹೆಸರಿಟ್ಟವಳು ಅನುರೂಪಾ. ಅದು ಯಾರ ಮಾತನ್ನೂ ಕದ್ದು ಕೇಳುವುದಿಲ್ಲ. ಯಾರ ಫೋನು ಯಾರ ಫೋನಿನ ಬಳಿ ಎಷ್ಟು ಹೊತ್ತು ಇತ್ತು, ಆಮೇಲೆ ಅವರು ಯಾವ ನಿರ್ಧಾರ ಬದಲಿಸಿದರು ಎಂಬುದನ್ನಷ್ಟೇ ಹಳೆಯ ದತ್ತಾಂಶದಿಂದ ಹೆಕ್ಕುತ್ತದೆ. ದತ್ತಾಂಶವನ್ನು ಜನರೇ ಕೊಟ್ಟಿದ್ದರು. ಗಾಳಿಯಲ್ಲಿ ಊರ ಫ್ಯಾಕ್ಟರಿಯ ಸಿಮೆಂಟ್ ಧೂಳು ಹೆಚ್ಚಾದಾಗ ಎಚ್ಚರಿಸುವ ವೇದಿಕೆಯ ಆ್ಯಪ್ ಪಡೆಯಲು ಎಲ್ಲರೂ 'ಒಪ್ಪಿಗೆ' ಒತ್ತಿದ್ದರು. ಈಗ ಚುನಾವಣೆಯಲ್ಲಿ ಧೂಳು ನಿಯಂತ್ರಣ ಕಾಯ್ದೆಯ ಪರ ಕೈ ಎತ್ತುವ ಅಭ್ಯರ್ಥಿ ಗೆಲ್ಲಬೇಕಿತ್ತು.

ಮಾಬುಬಿ ಬಳೆಯ ಬುಟ್ಟಿಗೆ ಬಟ್ಟೆ ಮುಚ್ಚಿ, ಆ ಅಭ್ಯರ್ಥಿಗೆ ವೋಟು ಹಾಕಲು ಹೆಂಗಸರಿಗೆ ಹೇಳಿ ಎಂಬ ಇಬ್ಬರ ಮಾತನ್ನೂ ಕೇಳಿದಳು.

"ಕೆಮ್ಮು ಬಂತಂದ್ರ ಫ್ಯಾಕ್ಟರಿಯವರು ಕೆಲಸದಿಂದ ತೆಗೀತಾರ. ಅದಕ್ಕ ಹೆಣ್ಮಕ್ಕಳು ನನಗೊಬ್ಬಾಕಿಗೆ ಹೇಳ್ತಾರ, ನಾ ಸುಮ್ನ ಕಲಬುರಗಿ ದವಾಖಾನಿಗೆ ಕರ್ಕೊಂಡು ಹೋಗ್ತೀನಿ. ವೋಟಿನ ಮಾತು ಆಡಿದ್ರ ಆ ನಂಬಿಕಿ ಕೆಡಂಗಿಲ್ಲಲ್ಲ, ಮೇಡಮ್ಮಾರ?"

"ಇಲ್ಲ. ನಿಮ್ಮ ಹೆಸರು ಎಲ್ಲೂ ಬರಂಗಿಲ್ಲ."

"ನಮ್ಮ ಮನಿಯವರೂ ಧೂಳಿಗೇ ಹೋದ್ರು," ಎಂದಳು ಮಾಬುಬಿ. ಒಪ್ಪಿದಂತಾಯಿತು.

ಬಳೆ ಇಡಿಸುವಾಗ ಕೈ ಬಳೆಗಾರ್ತಿಯ ಕೈಯಲ್ಲಿರುತ್ತದೆ. ಎದ್ದು ಹೋಗುವಂತಿಲ್ಲ. ಮಾಬುಬಿ ಮನೆಮನೆಯಲ್ಲಿ ನಾಲ್ಕು ಮಾತು ಆಡಿದಳು. ಅಭ್ಯರ್ಥಿ ಗೆದ್ದ.

ಗೆದ್ದ ಮೇಲೆ ಸನ್ಮಾನ ಮಾಡದೆ ಇರಲು ಮಲ್ಲಣ್ಣನಿಗೆ ಆಗಲಿಲ್ಲ. ಮಾಬುಬಿಗೆ ಶಾಲು ಹೊದಿಸಿದ, ಹಾರ ಹಾಕಿದ, ಹಣ್ಣಿನ ಬುಟ್ಟಿ ಕೊಟ್ಟ. ಹಿಂದಿನ ದೊಡ್ಡ ಪರದೆಯ ಮೇಲೆ ನಕ್ಷೆ ಹಾಕಿಸಿ, "ನಮ್ಮೂರ ಗೆಲುವಿನ ಗುಟ್ಟು ಇವರೇ ನೋಡ್ರಿ," ಎಂದ. ವೇದಿಕೆಯ ಮೇಲಿದ್ದ ಅನುರೂಪಾ ತಡೆಯಲು ಅವನ ತೋಳಿನತ್ತ ಕೈ ಚಾಚಿದಳು. ಅಷ್ಟರಲ್ಲಿ ಚಪ್ಪಾಳೆ ಬಿತ್ತು. ಅವಳೂ ತಟ್ಟಿದಳು.

ಮುಂದಿನ ಸಾಲಿನ ಹೆಂಗಸರು ಮೊದಲು ಬೆರಳು ತೋರಿಸಿ ನಕ್ಕರು. ಆಮೇಲೆ ತಂತಮ್ಮ ಮನೆಯ ಚುಕ್ಕೆ ಹುಡುಕಿದರು. ಪ್ರತಿ ಮನೆಯಿಂದಲೂ ಒಂದು ಗೆರೆ ಮಾಬುಬಿಯತ್ತ ಹೋಗಿತ್ತು. ಕಾಶೀಬಾಯಿ ಸೆರಗು ಎಳೆದುಕೊಂಡು ಸಭೆಯ ನಡುವೆ ಎದ್ದು ಹೋದಳು. ಅವಳ ಗಂಡ ರೇವಣಸಿದ್ದ ಫ್ಯಾಕ್ಟರಿಯ ಗಿರಣಿಯಲ್ಲಿ ಕೆಲಸಕ್ಕಿದ್ದ.

ಕಾಯ್ದೆ ಬಂತು. ಫ್ಯಾಕ್ಟರಿಯ ಚಿಮಣಿಗಳಿಗೆ ಧೂಳು ಹಿಡಿಯುವ ಜಾಲರಿ ಬಿತ್ತು. ಬೇಸಿಗೆಯಲ್ಲಿ ಗಾಳಿ ಅಳೆಯಲು ಬಂದ ಅನುರೂಪಾಳಿಗೆ ಮಾಬುಬಿ ಬೇವಿನ ಕಟ್ಟೆಯ ಮೇಲೆ ಸಿಕ್ಕಳು. ಬುಟ್ಟಿ ತುಂಬಿತ್ತು.

"ವ್ಯಾಪಾರ ಇಲ್ಲೇನು?"

"ಬಾಗಿಲಾಗ ನಿಂದ್ರಿಸಿ ಮಾತಾಡಸ್ತಾರ. ಫೋನ್ ಒಳಗಿಟ್ಟು ಬರ್ತಾರ. ನಾ ಕೇಳಿದ್ದೆಲ್ಲ ನಿಮ್ಮ ಆಫೀಸಿಗೆ ಹೋಗ್ತದಂತ."

"ಹಂಗಿಲ್ಲ ಅಂತ ನಾ ಹೇಳ್ಲ್ಯಾ?"

"ನಿಮ್ಮ ಮಾತು ಯಾರ ಕೇಳ್ತಾರ?"

ಕೆಳಗಿನ ಓಣಿಯಿಂದ ಅಳು ಕೇಳುತ್ತಿತ್ತು.

"ರೇವಣಸಿದ್ದ," ಎಂದಳು ಮಾಬುಬಿ. "ಯುಗಾದಿಗೂ ಮೊದಲಿಂದ ರಕ್ತ ಕೆಮ್ಮತಿದ್ನಂತ. ಕೆಲಸ ಹೋಗ್ತದಂತ ಗಂಡ ಹೆಂಡತಿ ಮುಚ್ಚಿಟ್ರು. ಇದೇ ಕಟ್ಟಿ ಮುಂದ ದಿನಾ ಹಾದು ಹೋಗ್ತಿದ್ಲು ಕಾಶಿ, ಮುಖ ಕೆಳಗ ಹಾಕಿ. ಮದಲಿನಂಗಿದ್ರ ಹೇಳ್ತಿದ್ಲು. ನಾ ಕರ್ಕೊಂಡು ಹೋಗ್ತಿದ್ದೆ." ಬುಟ್ಟಿಯ ಬಟ್ಟೆ ಸರಿಮಾಡುತ್ತ ಹೇಳಿದಳು, "ಆಕಿ ಕೈಯಾಗಿನ ಹಸಿರು ಬಳಿ ನಾನೇ ಇಡಿಸಿದ್ವು. ಮುಂಜಾನಿ ಒಡದ್ರು."

ಕಚೇರಿಗೆ ಮರಳಿ ಅನುರೂಪಾ ನಕ್ಷೆ ತೆರೆದಳು. ಬಿಳಿಗುಡ್ಡದ ಚುಕ್ಕೆಗಳೆಲ್ಲ ಒಂದೇ ಗಾತ್ರವಾಗಿದ್ದವು. ಗೆರೆಗಳಿರಲಿಲ್ಲ. ಯಂತ್ರ ಕೆಟ್ಟಿರಲಿಲ್ಲ.

ಅವಳು ಕಾಲವನ್ನು ಹಿಂದಕ್ಕೆ ಸರಿಸುತ್ತ ಹೋದಳು. ಗೆರೆಗಳು ಮರಳಿ ಬಂದು ದಟ್ಟವಾದವು, ಆಮೇಲೆ ತೆಳುವಾದವು. ಕೊನೆಗೆ ಉಳಿದದ್ದು ಒಂದೇ ಗೆರೆ, ಆ್ಯಪ್ ಬಂದ ಮೊದಲ ದಿನದ್ದು. ಆ ಮಧ್ಯಾಹ್ನ ಒಬ್ಬ ಹೆಂಗಸು ಮಾಬುಬಿಯ ಪಕ್ಕ ತುಂಬ ಹೊತ್ತು ಕೂತಿದ್ದಳು. ಏನು ಹೇಳಿಕೊಂಡಳೋ ದಾಖಲೆಯಲ್ಲಿಲ್ಲ. ಇಬ್ಬರ ಫೋನುಗಳೂ ನಡುವೆ ಇದ್ದವು. ಕೂರುವ ಮೊದಲು ಆ ಹೆಂಗಸು ವೇದಿಕೆಯ ಆ್ಯಪ್‌ಗೆ, ಓದದೆ, 'ಒಪ್ಪಿಗೆ' ಒತ್ತಿದ್ದಳು.