ಡಾರ್ಕಸಳ ಹೊಸ್ತಿಲು

“ಡಾಕ್ಟರ್, ಈ ಮನೆಯಲ್ಲಿ ಯಾವ ಮಗುವಿಗೂ ‘ನಾಳೆ’ ಅನ್ನಬೇಡಿ. ಕೊಡುವುದಿದ್ದರೆ ಇವತ್ತೇ ಕೊಡಿ. ಇಲ್ಲದಿದ್ದರೆ ಇಲ್ಲ ಎಂದುಬಿಡಿ.”

ಬೇಲಿಯಾಚೆ ನಿಂತು ಪಕ್ಕದ ಮನೆಯ ಒಡೆಸ್ಸಾ ಟಿಬ್ಸ್ ಹೀಗೆಂದಾಗ ಪದ್ಮ ನಗು ತಡೆಯಲಾರದೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮೈಸೂರಿನಲ್ಲಿ ಓದಿ, ಡೆಟ್ರಾಯಿಟ್‌ನ ಆಸ್ಪತ್ರೆಯೊಂದರಲ್ಲಿ ದುಡಿಯುತ್ತಿದ್ದ ಡಾಕ್ಟರಮ್ಮ ಅವಳು. ದಿನಬೆಳಗಾದರೆ ಸಾವು ನೋಡುವವಳಿಗೆ ದೆವ್ವದ ಹೆದರಿಕೆಯೇ? ಗಂಡ ಚಂದ್ರಮೌಳಿ ಷಿಕಾಗೋದಲ್ಲಿ ಎಂಜಿನಿಯರು, ವಾರಕ್ಕೊಮ್ಮೆ ಬಂದುಹೋಗುವ ನೆಂಟ. ನದಿಯಂಚಿನ ಆ ಹಳೆಯ ಮನೆ ಅಗ್ಗಕ್ಕೆ ಸಿಕ್ಕಿತ್ತು. ಯಾಕೆ ಅಗ್ಗ ಎಂದು ಇಬ್ಬರೂ ಕೇಳಲಿಲ್ಲ.

ಒಡೆಸ್ಸಾ ನಿವೃತ್ತ ಶಾಲಾ ಶಿಕ್ಷಕಿ, ಕಪ್ಪು ಜನಾಂಗದ ಹೆಂಗಸು. ಕೇಳದಿದ್ದರೂ ಆಕೆಯೇ ಹೇಳಿದಳು. ಡೆಟ್ರಾಯಿಟ್ ಇನ್ನೂ ಬ್ರಿಟಿಷರ ಕೈಯಲ್ಲಿದ್ದ ಕಾಲದಲ್ಲಿ ಈ ಮನೆ ತುಪ್ಪಳದ ವ್ಯಾಪಾರಿಯೊಬ್ಬನದು. ಅವನು ಕೊಂಡು ತಂದ ಕಪ್ಪು ಹುಡುಗಿಯ ಹೆಸರು ಡಾರ್ಕಸ್. ಅಮೆರಿಕದ ಸ್ವಾತಂತ್ರ್ಯ ಯುದ್ಧ ನಡೆದಷ್ಟು ಕಾಲವೂ ಆ ಮಗು ಒಲೆಯ ಮುಂದೆ ಕೂತು ಸೀಸ ಕರಗಿಸಿ ಬಂದೂಕಿನ ಗುಂಡು ಎರೆಯಿತು. ಬೆರಳುಗಳು ಬೆಂದು ಒಂದಕ್ಕೊಂದು ಅಂಟಿಕೊಂಡವು. ‘ಯುದ್ಧ ಮುಗಿಯಲಿ, ನಿನ್ನನ್ನು ಬಿಟ್ಟುಬಿಡುತ್ತೇನೆ’ ಎಂದಿದ್ದ ಧಣಿ. ಮುಗಿಯಿತು. ಡಾರ್ಕಸ್ ಬಟ್ಟೆಗಂಟು ಕಟ್ಟಿಕೊಂಡು ಹಿತ್ತಿಲ ಬಾಗಿಲಲ್ಲಿ ಕೂತಳು. ‘ನಾಳೆ’ ಎಂದ. ಮರುದಿನವೂ ನಾಳೆಯೇ. ಹಿಮ ಬಿದ್ದರೂ ಅವಳು ಏಳಲಿಲ್ಲ. ತನ್ನ ಕೂದಲು, ಉಗುರು, ಒಂದು ಸೀಸದ ಗುಂಡು ಹೊಸ್ತಿಲ ಕೆಳಗೆ ಹೂತು ಮಾಟ ಇಟ್ಟಳು. ಇಲ್ಲಿ ಮಗುವಿಗೆ ನಾಳೆ ಎನ್ನುವವರಿಗೆ ನಾಳೆಯೇ ಇಲ್ಲದೆ ಹೋಗಲಿ ಎಂದು. ಹಾಗೇ ಕೂತಲ್ಲೇ ಸೆಟೆದು ಸತ್ತಳು.

“ಪಾಪ,” ಎಂದು ಪದ್ಮ ಒಳಗೆ ಬಂದಳು. “ನೋಡೇ ಛಾಯಾ, ಇಲ್ಲೂ ದೆವ್ವ ಇದೆಯಂತೆ. ಕಾರ್ ಡ್ರೈವ್ ಮಾಡುತ್ತೋ ಏನೋ, ಕೇಳ್ಬೇಕಿತ್ತು!”

ಛಾಯಾ ಪದ್ಮಳ ಅಕ್ಕನ ಮಗಳು. ‘ನಿನ್ನ ಮಗಳನ್ನ ಅಮೆರಿಕಾದಲ್ಲಿ ಓದಿಸ್ತೀನಿ ಕಣೇ’ ಎಂದು ಸಾಯುತ್ತಿದ್ದ ಅಕ್ಕನ ಕೈಹಿಡಿದು ಮಾತು ಕೊಟ್ಟು ಕರೆತಂದಿದ್ದಳು. ಬಂದ ದಿನವೇ ಹುಡುಗಿಯ ಪಾಸ್‌ಪೋರ್ಟ್ ಬೀರು ಸೇರಿತು, ಹುಡುಗಿ ಅಡುಗೆಮನೆ ಸೇರಿದಳು. ಎಂಥ ಓದು ನೋಡಿ! ಪಾತ್ರೆ, ಬಟ್ಟೆ, ಚಿಕ್ಕಮ್ಮನಿಗೆ ಸಾರು. ಬೆಳಿಗ್ಗೆ ಹಳದಿ ಸ್ಕೂಲ್ ಬಸ್ಸು ಬೀದಿಯಲ್ಲಿ ನಿಂತು ಹೊರಟಾಗಲೆಲ್ಲ ಕಿಟಕಿಗೆ ಮೂಗು ಒತ್ತಿ ನಿಲ್ಲುತ್ತಿದ್ದಳು.

“ಚಿಕ್ಕಮ್ಮಾ, ಸ್ಕೂಲು?”

“ನಾಳೆ ಹೋಗಿ ಅಪ್ಲೈ ಮಾಡ್ತೀನಿ ಕಣೇ. ನಾಳೆ ಖಂಡಿತ. ಈಗ ಆ ಬಟ್ಟೆ ಡ್ರೈಯರಿಗೆ ಹಾಕು.”

ಚಳಿಗಾಲದಲ್ಲಿ ಮನೆಗೆ ವಾಸನೆ ಹತ್ತಿತು. ಕಾದ ಸೀಸದ ವಾಸನೆ, ಒದ್ದೆ ಉಣ್ಣೆಯ ವಾಸನೆ, ಅದರಡಿಯಲ್ಲಿ ಸುಟ್ಟ ಚರ್ಮದ ಸಣ್ಣ ಕಮಟು. ಮನೆ ಬೆಚ್ಚಗಿಡುವ ಫರ್ನೇಸಿನ ರಿಪೇರಿಯವನು ಬಂದು ಏನೂ ಇಲ್ಲವೆಂದು ತಲೆಯಾಡಿಸಿ ಹೋದ. ಆಮೇಲೆ ಮುಸ್ಸಂಜೆಗೆ ಹಿತ್ತಿಲ ಬಾಗಿಲು ಬಡಿಯತೊಡಗಿತು. ಬಡಿತ ಮೇಲಿನಿಂದಲ್ಲ, ತೀರಾ ಕೆಳಗಿನಿಂದ. ಕೂತವರು ಬಡಿದ ಹಾಗೆ. ತೆರೆದರೆ ಯಾರೂ ಇಲ್ಲ, ಹಿಮದ ಮೇಲೆ ಹೆಜ್ಜೆಯೂ ಇಲ್ಲ. ಛಾಯಾ ಮಾತ್ರ ಹೊಸ್ತಿಲ ಬಳಿ ದಿನಾ ಒಂದು ತಟ್ಟೆ ಹೆಚ್ಚಿಗೆ ಇಡುತ್ತಿದ್ದಳು. ಪದ್ಮ ಬೈದಳು, ತಟ್ಟೆ ಕಸಿದಳು. ಆದರೆ ರಾತ್ರಿ ಪದ್ಮಳಿಗೇ ನಿದ್ದೆ ಹತ್ತದಾಯಿತು.

ಜುಲೈ ನಾಲ್ಕು ಬಂತು. ಅಮೆರಿಕ ಸ್ವತಂತ್ರವಾಗಿ ಇನ್ನೂರು ವರ್ಷ ತುಂಬಿದ ದಿನ, ಮನೆಮನೆಗೂ ಬಾವುಟ. ಬೆಳಿಗ್ಗೆ ಪದ್ಮಳಿಗೆ ಚಾಮರಾಜನಗರದ ಅಜ್ಜಿ ನೆನಪಾದಳು. ಅಜ್ಜಿಯ ಬೀದಿಯಲ್ಲಿ ಬಾಗಿಲಿಗೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರು. ಬಂದ ದೆವ್ವ ಓದಿಕೊಂಡು ಹಿಂದಿರುಗುತ್ತದೆ, ಮರುದಿನ ಬಂದರೂ ಅದೇ ಬರಹ. ಸುಮ್ಮನೆ ತಮಾಷೆಗೆ ಎಂದು ತನಗೆ ತಾನೇ ಹೇಳಿಕೊಂಡು ಪದ್ಮ ಹಿತ್ತಿಲ ಬಾಗಿಲ ಹೊರಮೈಯಲ್ಲಿ ಬಳಪದಿಂದ ದೊಡ್ಡದಾಗಿ ಬರೆದಳು. ನಾಳೆ ಬಾ.

ಮುಸ್ಸಂಜೆಯಾಯಿತು. ಬಡಿತವಿಲ್ಲ.

“ನೋಡಿದ್ಯಾ ನಮ್ಮಜ್ಜಿ ಮದ್ದು!” ಎಂದು ಪದ್ಮ ಚಪ್ಪಾಳೆ ತಟ್ಟಿದಳು.

ಛಾಯಾ ಅಡುಗೆಮನೆಯಲ್ಲಿ ನಿಂತಿದ್ದಳು. ಕೈಯಲ್ಲಿ ಬಟ್ಟೆಗಂಟು. “ಅವಳಿಗೆ ಕನ್ನಡ ಬರಲ್ಲ ಚಿಕ್ಕಮ್ಮಾ. ಏನ್ ಬರೆದಿದೆ ಅಂತ ಕೇಳಿದ್ಲು.”

“ಯಾರೇ?”

“ನಾನು ಓದಿ ಹೇಳ್ದೆ.”

ನದಿಯ ಮೇಲೆ ಮೊದಲ ಪಟಾಕಿ ಸಿಡಿಯಿತು. ಕಿಟಕಿ ನಡುಗಿತು. ದೀಪ ಹೋಯಿತು. ಸೀಸದ ವಾಸನೆ ಗಂಟಲಿಗೆ ಇಳಿಯಿತು. ಹಿತ್ತಿಲ ಬಾಗಿಲು ತಾನಾಗಿ ತೆರೆಯಿತು. ಹೊಸ್ತಿಲ ಮೇಲೆ ಒಂದು ಮಗು. ಬೇಸಗೆಯಲ್ಲಿ ಕೂದಲ ತುಂಬ ಹಿಮ. ಅಂಟಿಕೊಂಡ ಬೆರಳುಗಳು. ಅದು ಛಾಯಾಳತ್ತ ಕೈ ಚಾಚಿತು.

ಛಾಯಾ ತಿರುಗಿ ನೋಡಿದಳು. ಅವಳ ಕಣ್ಣಲ್ಲಿ ನೀರಿತ್ತು. “ಚಿಕ್ಕಮ್ಮಾ, ಕೊನೇ ಸಲ ಕೇಳು ಅಂತಿದಾಳೆ. ನನ್ನ ಇವತ್ತು ಬಿಡ್ತೀರಾ?”

ಹೂಂ ಎಂದಿದ್ದರೆ ಸಾಕಿತ್ತು. ಒಂದು ಹೂಂ! ಆದರೆ ವರ್ಷವಿಡೀ ಪಳಗಿದ ನಾಲಿಗೆ, ಹೆದರಿಕೆಯಲ್ಲೂ ಅದೇ ದಾರಿ ಹಿಡಿಯಿತು.

“ನಾಳೆ ಕಣೇ... ನಾಳೆ ಖಂಡಿತ...”

ಛಾಯಾ ಹೊಸ್ತಿಲು ದಾಟಿದಳು. ಪದ್ಮ ಓಡಿದಳು. ಬಾಗಿಲು ಮುಚ್ಚಿತು. ಎಳೆದಳು. ಬಡಿದಳು. ಕಿರುಚಿದಳು. ಪಟಾಕಿಯ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ.

ಸ್ವಲ್ಪ ಹೊತ್ತಿಗೆ ಚಂದ್ರಮೌಳಿ ಬಂದ. ಮುಂಬಾಗಿಲು ಅವನಿಗೆ ಸಲೀಸಾಗಿ ತೆರೆಯಿತು. “ಪದ್ಮಾ, ಎಲ್ಲಿದೀಯೇ?” ಎನ್ನುತ್ತ ಅವಳ ಎದುರಿನಿಂದಲೇ ಹಾದುಹೋದ. ಅವಳು ತೋಳು ಹಿಡಿದೆಳೆದಳು. ಅವನು ಚಳಿಯಾದವನಂತೆ ತೋಳು ಉಜ್ಜಿಕೊಂಡ. ಪೊಲೀಸರು ಬಂದರು, ನದಿಯಲ್ಲಿ ಹುಡುಕಿದರು. ಛಾಯಾ ಒಡೆಸ್ಸಾಳ ಜಗಲಿಯ ಮೇಲೆ ಮಲಗಿದ್ದಳು, ಆಮೇಲೆ ಆ ಮನೆಯಲ್ಲೇ ಉಳಿದಳು. ಚಂದ್ರಮೌಳಿ ಬೀರುವಿನಿಂದ ಅವಳ ಪಾಸ್‌ಪೋರ್ಟ್ ತೆಗೆದು ಒಡೆಸ್ಸಾಳ ಕೈಗಿಟ್ಟು, ಮನೆ ಮಾರಾಟಕ್ಕಿಟ್ಟು ಷಿಕಾಗೋಗೆ ಹೋದ.

ಸೆಪ್ಟೆಂಬರಿನಲ್ಲಿ ಹಳದಿ ಬಸ್ಸು ಬಂತು. ಹೊಸ ಬ್ಯಾಗು ಹೊತ್ತ ಛಾಯಾ ಹತ್ತುವ ಮುಂಚೆ ಒಮ್ಮೆ ಈ ಮನೆಯತ್ತ ನೋಡಿದಳು. ಕಿಟಕಿಗೆ ಮೂಗು ಒತ್ತಿ ಪದ್ಮ ನಿಂತಿದ್ದಳು. ಬಸ್ಸು ಹೊರಟಿತು. ಪದ್ಮ ಹಿತ್ತಿಲ ಬಾಗಿಲಿಗೆ ಹೋಗಿ ನೆಲದಲ್ಲಿ ಕೂತು ತಟ್ಟಿದಳು.

“ಬಿಡೇ ನನ್ನ. ಯಾವತ್ತು ಬಿಡ್ತೀಯ?”

ಹೊರಗಿನಿಂದ ಪದ್ಮಳದೇ ದನಿ, ಅದೇ ಮೈಸೂರಿನ ರಾಗದಲ್ಲಿ ಹೇಳಿತು:

“ನಾಳೆ ಕಣೇ. ನಾಳೆ ಖಂಡಿತ.”